ಎರಡನೇ ಸೈಡಿನ ಬಳೆ

ಜಯಶೀಲ ಹೆಣದ ತಲೆಯ ಬಳಿಯೇ ಮೊಣಕಾಲೂರಿ ಕುಳಿತು ಮಖಮಲ್ ಬಟ್ಟೆಯಿಂದ ರೆಕಾರ್ಡಿನ ಧೂಳು ಒರೆಸುತ್ತಿದ್ದ. ಸಾವಿನ ಮನೆಯಲ್ಲೂ ಗಂಡನ ಈ ಗೆಳೆಯರ ಚಾಳಿ ಬಿಡದಲ್ಲ ಎಂದು ಜಲಜಾಕ್ಷಿಗೆ ಅನ್ನಿಸಿತು.

“ಒಂದೇ ಸೈಡ್, ಅತ್ತಿಗೆ. ಗಾಡಿ ಬರುವ ತನಕ. ವಸಂತಣ್ಣನಿಗೆ ಇದಕ್ಕಿಂತ ಇಷ್ಟದ್ದು ಬೇರೆ ಇರ್ಲಿಲ್ಲ.”

“ಸೂತಕದ ಮನೆಯಲ್ಲಿ ಬ್ಯಾಂಡ್ ಸೆಟ್ಟಾ? ಚೆಂದ ಆಯ್ತು!” ಗಂಡನ ಅಕ್ಕ ಉಮಾವತಿ ಗೊಣಗಿದಳು.

“ಇರ್ಲಿ. ಎರಡನೇ ಸೈಡ್ ಹಾಕಿ,” ಎಂದಳು ಜಲಜಾಕ್ಷಿ. ಗಂಡನ ಪಕ್ಕ ಕುಳಿತು ಕೊನೆಯ ಸಲ ಕೇಳಬೇಕಾದ ಸದ್ದೊಂದು ಅದರಲ್ಲಿತ್ತು.

“ಈಗ ಬೇಡ ಮಾರಾಯ. ಜನ ಏನಂದಾರು?” ಎಂದವನು ಬಾಗಿಲ ಬಳಿ ನಿಂತಿದ್ದ ಯಜ್ಞೇಶ್ವರ. ಬೇಲಾಪುರದಲ್ಲಿ ಹೋಟೆಲಿದ್ದವ, ಜಾಝ್ ಎಂದರೆ ಗಲ್ಲಾಪೆಟ್ಟಿಗೆ ಬಿಟ್ಟು ಓಡಿ ಬರುತ್ತಿದ್ದವ. ಅವನ ಬಾಯಲ್ಲಿ ಈ ಮಾತು ಅವಳಿಗೆ ವಿಚಿತ್ರ ಎನಿಸಿತು.

* * *

ಡೊಂಬಿವಲಿಯ ಈ ಮನೆಗೆ ಅವಳು ಮದುವೆಯಾಗಿ ಬಂದ ವರ್ಷವೇ ಗಂಡ ವಸಂತಕುಮಾರ ಆ ನೀಲಿ ಕವರಿನ ಸ್ಯಾಕ್ಸೊಫೋನ್ ರೆಕಾರ್ಡ್ ತಂದಿದ್ದ. ಧೂಳು ಹೊಡೆಯುವಾಗ ಅವಳ ಬಳೆ ತಾಗಿ ಪ್ಲೇಯರಿನ ಮುಳ್ಳು ಜಾರಿತು, ರೆಕಾರ್ಡಿಗೆ ಗೀರು ಬಿತ್ತು. ಮೂರು ದಿನ ಅವನು ಅವಳೊಡನೆ ಮಾತಾಡಲಿಲ್ಲ.

ಪ್ರತಿ ಭಾನುವಾರ ಮೂವರು ಗೆಳೆಯರೂ ಇಲ್ಲಿ ಸೇರುತ್ತಿದ್ದರು. ಕಳಂಬೋಲಿಯ ಕಬ್ಬಿಣದ ಮಾರ್ಕೆಟ್ಟಿನಿಂದ ಜಯಶೀಲ, ಬೇಲಾಪುರದಿಂದ ಯಜ್ಞೇಶ್ವರ. ಒಬ್ಬೊಬ್ಬ ಒಂದೊಂದು ಆಲ್ಬಂ ತಂದು, ಅದೇ ಯಾಕೆ ದೊಡ್ಡದೆಂದು ವಾದಿಸಬೇಕು. ಯಾರ ಡ್ರಮ್ಮು, ಯಾವ ವರ್ಷ ಅಚ್ಚಾದ ಪ್ರೆಸ್ಸಿಂಗು ಎಂದು ಜಗಳಕ್ಕೇ ನಿಲ್ಲುತ್ತಿದ್ದರು. ಮುಳ್ಳು ಇಟ್ಟರೆ ಮಾತ್ರ ಎಲ್ಲರ ಬಾಯಿ ಬಂದ್, ಅಡುಗೆಮನೆಯಲ್ಲಿ ಅವಳ ಮಿಕ್ಸರೂ ಬಂದ್. ಆ ರೆಕಾರ್ಡಿನ ಎರಡನೇ ಸೈಡಿನಲ್ಲಿ ಸ್ಯಾಕ್ಸೊಫೋನ್ ನಿಂತು ಡ್ರಮ್ ಪಿಸುಗುಡುವಾಗ ಮೂರು ಸಲ ಟಿಕ್ ಎನ್ನುತ್ತಿತ್ತು. ಗೆಳೆಯರು ಮುಖ ಹುಳಿ ಮಾಡುತ್ತಿದ್ದರು. ವಸಂತಕುಮಾರ ಮಾತ್ರ ಅಡುಗೆಮನೆಯತ್ತ ತಿರುಗಿ, “ಅಗೋ, ಜಲಜನ ಬಳೆ ಬಂತು!” ಎನ್ನುತ್ತಿದ್ದ. ಮೂವತ್ತೈದು ವರ್ಷದಲ್ಲಿ ಒಂದು ಮೊಳ ಮಲ್ಲಿಗೆ ತಂದವನಲ್ಲ. ಆದರೂ ಆ ಒಂದು ಮಾತಿಗೆ ಅವಳು ವಾರವಿಡೀ ಕಾಯುತ್ತಿದ್ದಳು.

ಎರಡು ವರ್ಷದ ಹಿಂದೆ ಯಜ್ಞೇಶ್ವರ ಕಾಡಿ ಬೇಡಿ ಆ ರೆಕಾರ್ಡನ್ನು ಒಂದು ವಾರಕ್ಕೆ ಒಯ್ದ. ವಾಪಸು ತಂದ ಭಾನುವಾರ ಜಯಶೀಲ ಬಂದಿರಲಿಲ್ಲ, ಅವಳು ಥಾಣೆಯ ಮಗಳ ಮನೆಯಲ್ಲಿದ್ದಳು. ಮರಳಿ ಬಂದಾಗ ಗಂಡ ಮುಖ ಬಾಡಿಸಿ ಕುಳಿತಿದ್ದ.

“ನಿನ್ನ ಬಳೆ ಕೇಳಿಸ್ಲೇ ಇಲ್ಲ, ಜಲಜಾ. ಯಜ್ಞೇಶನನ್ನು ಕೇಳಿದೆ. ‘ಬಂತಲ್ಲ ಮಾರಾಯ, ಅದೇ ಜಾಗದಲ್ಲಿ’ ಅಂದ. ನನ್ನ ಕಿವಿ ಹೋಯ್ತು.”

ಡಾಕ್ಟರು ವಯಸ್ಸಾಯಿತು ಎಂದರು. ಅಷ್ಟೇ ಸಾಕಾಯಿತು ಅವನಿಗೆ. ಕಣ್ಣಿಗೆ ಪೊರೆ ಬಂದಿತ್ತು, ರೆಕಾರ್ಡನ್ನು ತಿರುಗಿಸಿ ನೋಡುವ ಅನುಮಾನವೂ ಬರಲಿಲ್ಲ. ಗೆಳೆಯ ಹೇಳಿದ್ದಾನಲ್ಲ! ಪ್ಲೇಯರಿಗೆ ಬೆಡ್‌ಶೀಟ್ ಹೊದಿಸಿದ. ಭಾನುವಾರಗಳು ನಿಂತವು. “ಅರ್ಧ ಕೇಳುವವನಿಗೆ ಜಾಝ್ ಎಂತದ್ದು?” ಎಂದು ಗೋಡೆ ನೋಡುತ್ತ ಕೂರುತ್ತಿದ್ದ.

* * *

ಜಯಶೀಲ ಎರಡನೇ ಸೈಡ್ ಹಾಕಿದ. ಸ್ಯಾಕ್ಸೊಫೋನ್ ನಿಂತಿತು. ಡ್ರಮ್ ಪಿಸುಗುಟ್ಟಿತು. ಜಲಜಾಕ್ಷಿ ಗಂಡನ ತಣ್ಣನೆಯ ಕೈ ಹಿಡಿದು ಕಿವಿಗೊಟ್ಟಳು. ಸ್ಯಾಕ್ಸೊಫೋನ್ ಮತ್ತೆ ಶುರುವಾಯಿತು.

“ಬಳೆ ಬರ್ಲಿಲ್ಲ,” ಎಂದಳು. “ಇನ್ನೊಮ್ಮೆ ಹಾಕಿ.”

ಇನ್ನೊಮ್ಮೆಯೂ ಬರಲಿಲ್ಲ. ಜಯಶೀಲ ರೆಕಾರ್ಡನ್ನು ಕಿಟಕಿಯ ಬೆಳಕಿಗೆ ಹಿಡಿದ. “ಒರೆಸುವಾಗ್ಲೇ ಅಂದ್ಕೊಂಡೆ, ಇಷ್ಟು ಕ್ಲೀನ್ ಹೇಗೆ ಅಂತ. ಗೀರೇ ಇಲ್ಲ. ಇದು ಅದಲ್ಲ, ಅತ್ತಿಗೆ!”

ಅವಳು ಬಾಗಿಲತ್ತ ನೋಡಿದಳು. “ನೀವು ಒಯ್ದಿದ್ರಿ.”

ಯಜ್ಞೇಶ್ವರನ ಮುಖ ಬೆವರಿತು. “ಮೇ ತಿಂಗಳ ಬಿಸಿಲು, ದಾರಿಯಲ್ಲಿ ಟ್ರಾಫಿಕ್ಕು... ರೆಕಾರ್ಡ್ ಕಾರಲ್ಲೇ ಬಗ್ಗಿ ಹೋಯ್ತು, ಅತ್ತಿಗೆ. ಅದೇ ಪ್ರೆಸ್ಸಿಂಗಿಂದು ಮತ್ತೊಂದು ಹುಡುಕಿ ಇಟ್ಟೆ. ಗೀರಿಲ್ಲದ್ದು, ಅದಕ್ಕಿಂತ ಒಳ್ಳೇದು. ಹೇಳಿದ್ರೆ ಅವ ಮತ್ತೆ ರೆಕಾರ್ಡ್ ಮುಟ್ಲಿಕ್ಕೆ ಬಿಡ್ತಿರ್ಲಿಲ್ಲ.”

“ಅವರು ನಿಮ್ಮನ್ನು ಕೇಳಿದ್ರು. ಬಂತು ಅಂದ್ರಿ.”

“ಬಾಯಿಗೆ ಬಂದದ್ದು ಹೇಳಿಬಿಟ್ಟೆ. ಇಷ್ಟಾಗ್ತದೆ ಅಂತ ಯಾರಿಗೆ ಗೊತ್ತು...”

“ಎರಡು ವರ್ಷ! ಕಿವುಡ ಅಂದ್ಕೊಂಡೇ ಸತ್ರಲ್ಲ!” ಅವಳಿಗೆ ಅಳು ಬರಲಿಲ್ಲ, ಮೈಯೆಲ್ಲ ಉರಿಯಿತು.

ಗಾಡಿ ಬಂತೆಂದು ಬಾಲ್ಕನಿಯಿಂದ ಮಗಳು ನಿಕಿತಾ ಮರಾಠಿಯಲ್ಲಿ ಕೂಗಿದಳು, “ಮಮ್ಮಿ, ಗಾಡೀ ಆಲೀ.”

ಗಂಡಸರು ಚಟ್ಟಕ್ಕೆ ಬಗ್ಗಿದರು. ಯಜ್ಞೇಶ್ವರನೂ ಹೆಗಲು ಕೊಡಲು ಮುಂದೆ ಬಂದ.

“ನೀವು ಮುಟ್ಬೇಡಿ.”

ಬಳೆ ತೆಗೆಯಲು ಉಮಾವತಿ ಅವಳ ಕೈ ಹಿಡಿದಳು. “ನಾನೇ ತೆಗೀತೇನೆ, ಅತ್ತಿಗೆ,” ಎಂದು ಜಲಜಾಕ್ಷಿ ಮುಂಗೈಯನ್ನು ಮೇಜಿನ ಅಂಚಿಗೆ ಬಡಿದಳು. ಜಯಶೀಲನಿಂದ ರೆಕಾರ್ಡ್ ತೆಗೆದುಕೊಂಡು, ಒಡೆದ ಹಸಿರು ಬಳೆಯ ಚೂರಿನಿಂದ ಒತ್ತಿ ಗೀರೆಳೆದಳು. ಪ್ಲೇಯರಿನ ಮೇಲಿಟ್ಟು ಮುಳ್ಳು ಬಿಟ್ಟಳು. ಮುಳ್ಳು ಗೀರಿಗೆ ಸಿಕ್ಕಿ ಅಲ್ಲೇ ಸುತ್ತತೊಡಗಿತು. ಟಿಕ್. ಟಿಕ್. ಟಿಕ್.

“ಕೂತ್ಕೊಳ್ಳಿ,” ಎಂದಳು ಯಜ್ಞೇಶ್ವರನಿಗೆ. “ಈಗ ಕೇಳ್ತದಾ?”

ಅವನು ತಲೆಯಾಡಿಸಿದ.

“ಬಾಯಿ ಬಿಟ್ಟು ಹೇಳಿ.”

“ಕೇಳ್ತದೆ.”

ಚಟ್ಟ ಲಿಫ್ಟಿನಲ್ಲಿ ಹಿಡಿಸದೆ ಮೆಟ್ಟಿಲಿಳಿಯಿತು. ಬಾಗಿಲಲ್ಲಿ ನಿಂತು ಅವಳು ಕೊನೆಯ ಹೆಜ್ಜೆಯ ಸದ್ದು ಅಡಗುವವರೆಗೂ ಆಲಿಸಿದಳು. ಒಳಗೆ ಯಜ್ಞೇಶ್ವರ ಪ್ಲೇಯರಿನ ಎದುರು ಒಬ್ಬನೇ ಕುಳಿತಿದ್ದ. ಮುಳ್ಳು ಕೈಗೆಟುಕುವಷ್ಟು ಹತ್ತಿರದಲ್ಲಿತ್ತು. ಅವನು ಎತ್ತಲಿಲ್ಲ.