ಹನ್ನೊಂದು ಸೆಕೆಂಡು

ನನಗೆ ಸಿಟ್ಟು ಬೇಗ ಬರುತ್ತದೆ, ಮಾತು ತಡವಾಗಿ ಬರುತ್ತದೆ. ಎರಡೂ ಒಟ್ಟಿಗೆ ಬರುವಂತಿದ್ದರೆ ಇಷ್ಟು ಹೊತ್ತಿಗೆ ಅರ್ಧ ಊರಿನ ಜೊತೆ ಜಗಳವಾಡಿ ಮುಗಿಸಿರುತ್ತಿದ್ದೆ. ದೇವರು ದೊಡ್ಡವನು, ನನಗೆ ಉಗ್ಗು ಕೊಟ್ಟು ಊರನ್ನು ಕಾಪಾಡಿದ.

ನನ್ನದು ಜೆರಾಕ್ಸ್ ಮತ್ತು ಬೈಂಡಿಂಗ್ ಅಂಗಡಿ. ಹಳೇ ಪುಸ್ತಕಗಳನ್ನು ಸ್ಕ್ಯಾನ್ ಮಾಡಿಯೂ ಕೊಡುತ್ತೇನೆ. ಅಂಗಡಿಯ ಮೂಲೆಯಲ್ಲಿರುವ ಕಂಪ್ಯೂಟರಿನಿಂದ ಒಂಬತ್ತು ವರ್ಷ ಒಂದು ವೆಬ್‌ಸೈಟನ್ನೂ ನಡೆಸಿದೆ. ಉಗ್ಗುವವರ ಕೂಟ ಅದು, ನಾನೂರು ಚಿಲ್ಲರೆ ಮಂದಿ. ವಾರಕ್ಕೊಮ್ಮೆ ಎಲ್ಲರೂ ಏನಾದರೂ ನಾಲ್ಕು ಮಾತು ರೆಕಾರ್ಡ್ ಮಾಡಿ ಅಲ್ಲಿ ಹಾಕಬೇಕು, ಉಳಿದವರು ಪೂರ್ತಿ ಕೇಳಬೇಕು. ಮೊದಲನೇ ನಿಯಮವನ್ನು ನಾನೇ ದಪ್ಪ ಅಕ್ಷರದಲ್ಲಿ ಮೇಲೆ ಹಾಕಿದ್ದೆ: ಇನ್ನೊಬ್ಬರ ಮಾತನ್ನು ನೀವು ಮುಗಿಸಬೇಡಿ. ಸರಾಗವಾಗಿ ಮಾತಾಡುವವರಿಗೆ ಇದರ ಬೆಲೆ ತಿಳಿಯುವುದಿಲ್ಲ. ನಾನು ದಿನಸಿ ಅಂಗಡಿಯಲ್ಲಿ ನಿಂತು 'ಸ' ಎನ್ನುವಷ್ಟರಲ್ಲಿ 'ಸಕ್ಕರೆ ತಾನೇ?' ಎಂದು ಕಟ್ಟಿ ಕೈಗಿಡುತ್ತಾರೆ. ನನಗೆ ಬೇಕಿದ್ದದ್ದು ಸಾಬೂನು. ಹಾಗೆ ತಂದ ಸಕ್ಕರೆಗೆ ಅಮ್ಮನಿಂದ ಬೈಸಿಕೊಂಡದ್ದಕ್ಕೆ ಲೆಕ್ಕವಿಲ್ಲ.

ಈ ಕೂಟದಲ್ಲಿ ನಾವು ಗಡಿಯಾರದಣ್ಣ ಎನ್ನುವವರೊಬ್ಬರಿದ್ದರು. ನನ್ನ ಅಂಗಡಿಯಿಂದ ಎರಡು ಬೀದಿ ಆಚೆ ಅವರ ಗಡಿಯಾರ ರಿಪೇರಿ ಅಂಗಡಿ, ಅದರ ಹಿಂದೆಯೇ ಮನೆ. ಕೆಲವರ ಉಗ್ಗಿನಲ್ಲಿ ಅಕ್ಷರ ಮತ್ತೆ ಮತ್ತೆ ಬರುತ್ತದೆ. ಅಣ್ಣನದು ಹಾಗಲ್ಲ. ಬಾಯಿ ಅಕ್ಷರದ ಆಕಾರಕ್ಕೆ ತೆರೆದು ನಿಂತುಬಿಡುತ್ತದೆ, ಶಬ್ದವೇ ಹೊರಡುವುದಿಲ್ಲ. ಕಸುಬಿನವರಲ್ಲವೇ, ಎಷ್ಟು ಹೊತ್ತು ತಡೆಯಿತು ಎಂದು ಪ್ರತಿ ರೆಕಾರ್ಡಿಂಗಿನ ಕೆಳಗೂ ಬರೆಯುತ್ತಿದ್ದರು. 'ಇವತ್ತು ಏಳು ಸೆಕೆಂಡು.' 'ಇವತ್ತು ನಾಲ್ಕೇ, ಪಾರ್ಟಿ ಯಾವಾಗ ಅಂತ ಯಾರೂ ಕೇಳಬೇಡಿ.'

ಹೋದ ವರ್ಷ ಅವರ ಗಂಟಲಲ್ಲಿ ಗಡ್ಡೆ ಕಾಣಿಸಿತು. ಡಾಕ್ಟರು ಧ್ವನಿಪೆಟ್ಟಿಗೆಯನ್ನೇ ತೆಗೆಯಬೇಕೆಂದರು. ಆಪರೇಷನ್ನಿನ ಹಿಂದಿನ ದಿನ ಅಣ್ಣ ತಮ್ಮ ಅಂಗಡಿಯಲ್ಲಿ ಕೂತು ಕೊನೆಯ ರೆಕಾರ್ಡಿಂಗ್ ಹಾಕಿದರು. ಅಂಗಡಿಯ ಬಾಗಿಲೆಳೆದು ಮನೆಯ ಹೊಸ್ತಿಲಿಗೆ ಬರುವಾಗ ಮೂವತ್ತೊಂದು ವರ್ಷ ದಿನಾ ಹೆಂಡತಿಗೆ ಹೇಳುತ್ತಿದ್ದ ಮಾತು ಅದು: 'ಇವಳೇ, ನಾನು ಬಂದೆ.' ಆ ಮೊದಲ 'ಇ' ದಿನಾ ತಡೆಯುತ್ತಿತ್ತು. ಅತ್ತಿಗೆ ಕೆಲಸ ಬಿಟ್ಟು ಬಾಗಿಲಿಗೆ ಬಂದು, ಆ ಮಾತು ಬರುವವರೆಗೂ ನಿಂತಿದ್ದು, ಆಮೇಲೆ 'ಹ್ಞೂಂ, ಬನ್ನಿ' ಎನ್ನುತ್ತಿದ್ದರು. ಒಂದು ದಿನವೂ ನಡುವೆ ಬಾಯಿ ಹಾಕಿದವರಲ್ಲ. ನಾನು ನಿಯಮ ಬರೆಯುವ ಎಷ್ಟೋ ವರ್ಷ ಮೊದಲೇ ಅವರು ಅದನ್ನು ಪಾಲಿಸಿಕೊಂಡು ಬಂದಿದ್ದರು.

ಆ ರೆಕಾರ್ಡಿಂಗಿನ ಕೆಳಗೆ ಅಣ್ಣ ಬರೆದಿದ್ದರು: ಹನ್ನೊಂದು ಸೆಕೆಂಡು.

ಆಪರೇಷನ್ ಆದ ಮೇಲೆ ಅತ್ತಿಗೆ ದಿನಾ ಸಂಜೆ ಫೋನಿನಲ್ಲಿ ನಮ್ಮ ಸೈಟು ತೆರೆದು ಅದನ್ನು ಕೇಳುತ್ತಿದ್ದರು. ಅಣ್ಣ ಎದುರಿಗೇ ನಿಂತಿರುತ್ತಿದ್ದರಂತೆ. ಬೇರೆ ಕಡೆ ಅದರ ಪ್ರತಿ ಇರಲಿಲ್ಲ. ನೇರ ಸೈಟಿನಲ್ಲೇ ರೆಕಾರ್ಡ್ ಮಾಡಿದ್ದರು, ನಾನಿದ್ದೇನಲ್ಲ ಎಂಬ ಧೈರ್ಯದಲ್ಲಿ.

ಒಂದು ಮಂಗಳವಾರ ಸಂಜೆ ಅತ್ತಿಗೆಯ ಫೋನು ಬಂತು. "ಏನಮ್ಮಾ, ಸೈಟು ತೆರೀತಾನೇ ಇಲ್ಲ. ಬರೀ ಬಿಳೀ ಹಾಳೆ ಬರ್ತಿದೆ."

"ನಾಳೆ ಸರಿಹೋಗುತ್ತೆ ಬಿಡಿ ಅತ್ತಿಗೆ," ಎಂದೆ. ಅವತ್ತು ಮಾತು ಒಂದೇ ಉಸಿರಿಗೆ ಬಂತು. ಸುಳ್ಳಾಗುವ ಮಾತು ಯಾವಾಗಲೂ ಸಲೀಸಾಗಿಯೇ ಬರುತ್ತದೆ.

ನಮ್ಮ ಸೈಟನ್ನು ತನ್ನ ಯಂತ್ರದಲ್ಲಿಟ್ಟು ನಡೆಸುತ್ತಿದ್ದ ಹೋಸ್ಟಿಂಗ್ ಕಂಪನಿಯನ್ನು ಆರಿಸಿದವಳು ನಾನೇ. ಆಸ್ಪತ್ರೆಯೊಂದರಲ್ಲಿ ಕಂಪ್ಯೂಟರ್ ನೋಡಿಕೊಳ್ಳುವ ನನ್ನ ತಮ್ಮ ಬೇರೆ ಕಂಪನಿ ಹೇಳಿದ್ದ. "ಅಕ್ಕ, ತೊಂದ್ರೆ ಆದಾಗ ಫೋನ್ ಎತ್ತೋಕೆ ಮನುಷ್ಯ ಇರೋ ಕಡೆ ಹಾಕು. ಆಮೇಲೆ ಬಾಯಿ ಬಡ್ಕೋಬೇಡ." ಅಲ್ಲಿಗೆ ಅರ್ಜಿ ಹಾಕಿದ ಮರುದಿನ ಅವರ ಕಡೆಯ ಹುಡುಗಿ ವಿವರ ಕೇಳಲು ಫೋನ್ ಮಾಡಿದಳು. ನಾನು ಫೋನನ್ನು ಡ್ರಾಯರಿಗೆ ಹಾಕಿ, ಮೇಲೆ ಎರಡು ರೀಮು ಹಾಳೆ ಹೇರಿದೆ. ಫೋನೆಂದರೆ ನನಗೆ ಯಮ. ಆಮೇಲೆ ಇನ್ನೊಂದು ಕಂಪನಿ ಸಿಕ್ಕಿತು. 'ಕರೆ ಮಾಡುವ ಗೊಡವೆಯೇ ಬೇಡ, ಎಲ್ಲ ಬರಹದಲ್ಲೇ' ಎಂದು ಅವರ ಪುಟದಲ್ಲಿತ್ತು. ಉಗ್ಗುವವಳಿಗೆ ಇನ್ನೇನು ಬೇಕು? ಅವರ ಯಂತ್ರಗಳು ಎಲ್ಲಿವೆ, ಬ್ಯಾಕಪ್ಪನ್ನು ಬೇರೆ ಕಡೆ ಇಡುತ್ತಾರೋ ಇಲ್ಲವೋ ಎಂದು ಒಂದು ಮಾತೂ ಕೇಳದೆ ಸೇರಿಬಿಟ್ಟೆ.

ಬುಧವಾರ ಬರೆದೆ, ಗುರುವಾರ ಬರೆದೆ. 'ನಿಮ್ಮ ದೂರು ನಮಗೆ ಅಮೂಲ್ಯ' ಎಂಬ ಅದೇ ಉತ್ತರ ಎರಡು ಸಲವೂ ತಾನಾಗಿ ಬಂತು. ಅಮೂಲ್ಯವಂತೆ! ಕೊನೆಗೆ ಎಲ್ಲೋ ಅಡಿಯಲ್ಲಿ ತುರ್ತು ಸಂಖ್ಯೆಯೊಂದು ಸಿಕ್ಕಿತು. ಅಂಗಡಿಯ ಬಾಗಿಲು ಅರ್ಧ ಎಳೆದು, ನೀರು ಕುಡಿದು, ಫೋನ್ ಮಾಡಿದೆ. ಯಂತ್ರದ ಹೆಂಗಸು ಜೇನಿನಂಥ ದನಿಯಲ್ಲಿ, "ನಿಮ್ಮ ಸಮಸ್ಯೆಯನ್ನು ಒಂದು ವಾಕ್ಯದಲ್ಲಿ ಹೇಳಿ," ಎಂದಳು. ನಾನು ಬಾಯಿ ತೆರೆದೆ. 'ಸೈಟು' ಎಂಬುದರ 'ಸ' ಹಲ್ಲಿನ ಹಿಂದೆ ಗೋಡೆ ಕಟ್ಟಿಕೊಂಡು ಕೂತಿತು. "ಯಾವುದೇ ಧ್ವನಿ ಕೇಳಿಸುತ್ತಿಲ್ಲ. ಧನ್ಯವಾದಗಳು," ಎಂದು ಅವಳು ಕರೆ ಮುಗಿಸಿದಳು. ಆರು ಸಲ ಮಾಡಿದೆ. ಆರು ಸಲವೂ ಧನ್ಯವಾದಗಳು. ಫೋನನ್ನು ಗೋಡೆಗೆ ಅಪ್ಪಳಿಸಬೇಕೆನ್ನಿಸಿತು. ನಾನು ಮಾತಾಡುತ್ತಲೇ ಇದ್ದೆ ಮಹಾತಾಯಿ, ನಿನಗೆ ಕಾಯಲಿಕ್ಕಾಗಲಿಲ್ಲ ಅಷ್ಟೆ!

ಶುಕ್ರವಾರ ಕಂಪನಿಯ ಮೇಲ್ ಬಂತು. ಅವರ ಯಂತ್ರದ ಡಿಸ್ಕುಗಳು ಸುಟ್ಟುಹೋಗಿವೆ. ಬ್ಯಾಕಪ್ಪೂ ಅದೇ ಯಂತ್ರದಲ್ಲಿತ್ತು. ಇನ್ನು ಮುಂದೆ ಬೇರೆ ಕಡೆ ಇಡುತ್ತೇವೆ, ಕ್ಷಮಿಸಿ. ಕೋಟೆ ಕೊಳ್ಳೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕಿದರಂತೆ.

ಆದರೂ ನಾನು ಹೆದರಲಿಲ್ಲ. ಪ್ರತಿ ಭಾನುವಾರ ಇಡೀ ಸೈಟನ್ನು ನನ್ನದೇ ಒಂದು ಹಾರ್ಡ್ ಡಿಸ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಒಂದು ವಾರವೂ ತಪ್ಪಿಸಿರಲಿಲ್ಲ. ತಮ್ಮ ಮಾತ್ರ ವರ್ಷವಿಡೀ ಒಂದೇ ರಾಗ: "ಬ್ಯಾಕಪ್ ಇದೆ ಅನ್ನೋದು ಬೇರೆ, ಅದು ವಾಪಸ್ ಬರುತ್ತೆ ಅನ್ನೋದು ಬೇರೆ. ಒಂದ್ಸಲ ತೆಗೆದು ನೋಡಿದ್ಯಾ?" ನಿನ್ನ ಕೆಲಸ ನೀನು ನೋಡಿಕೋ ಎಂದು ಅವನ ಬಾಯಿ ಮುಚ್ಚಿಸಿದ್ದೆ. ಈಗ ಡಿಸ್ಕು ಹಚ್ಚಿದರೆ ಬರಹವೆಲ್ಲ ಇತ್ತು, ನಾನೂರು ಜನರ ಧ್ವನಿಗಳೂ ಸಾಲಾಗಿ ಇದ್ದವು. ನನ್ನ ಎದೆ ಉಬ್ಬಿತು. ಒಂದನ್ನೂ ಕೇಳಿ ನೋಡದೆ, ಲ್ಯಾಪ್‌ಟಾಪನ್ನು ಚೀಲಕ್ಕೆ ಹಾಕಿಕೊಂಡು ಶನಿವಾರ ಮಧ್ಯಾಹ್ನ ಗಡಿಯಾರದಣ್ಣನ ಮನೆಗೆ ಹೊರಟೆ.

ಅತ್ತಿಗೆ ಬಾಗಿಲಲ್ಲೇ ಕಾಯುತ್ತಿದ್ದರು. ನಾಲ್ಕು ದಿನಕ್ಕೆ ಮುಖ ಸಣ್ಣಗಾಗಿತ್ತು. "ಸಿಕ್ತೇನಮ್ಮಾ?"

"ಸಿಕ್ಕದೆ ಎಲ್ಲಿ ಹೋಗುತ್ತೆ?" ಎಂದೆ.

ಅಣ್ಣ ಅಂಗಡಿಯಿಂದ ಎದ್ದು ಬಂದರು. ಉಸಿರಾಡಲೆಂದು ಡಾಕ್ಟರು ಕತ್ತಿನಲ್ಲಿ ಮಾಡಿದ್ದ ರಂಧ್ರದ ಮೇಲೆ ತೆಳು ಬಟ್ಟೆ, ಕೈಯಲ್ಲಿ ಬರೆದು ತೋರಿಸುವ ಪುಟ್ಟ ಬಿಳೀ ಹಲಗೆ. ಮೂವರೂ ಮೇಜಿನ ಸುತ್ತ ಕೂತೆವು. ನಾನು ಗುಂಡಿ ಒತ್ತಿದೆ.

"ಇವಳೇ, ನಾನು ಬಂದೆ."

ಅಷ್ಟೇ. ಎರಡು ಸೆಕೆಂಡಿಗೆ ಮುಗಿದುಹೋಯಿತು. ವಾರ್ತೆ ಓದುವವರ ಹಾಗೆ ಸರಾಗವಾಗಿ, ಎಲ್ಲೂ ತಡೆಯದೆ.

ಇನ್ನೊಮ್ಮೆ ಒತ್ತಿದೆ. ಅದೇ. ಅಣ್ಣ ಹಲಗೆಯ ಮೇಲೆ ಬರೆದು ನನ್ನ ಕಡೆ ತಿರುಗಿಸಿದರು: 'ಚೆನ್ನಾಗಿ ಮಾತಾಡ್ತಾನೆ. ನನಗೆ ಪರಿಚಯ ಇಲ್ಲ.'

ಅವರ ಕಣ್ಣಲ್ಲಿ ತಮಾಷೆಯಿತ್ತು. ಆದರೂ ಹಲಗೆಯನ್ನು ತಕ್ಷಣ ಒರೆಸಿಬಿಟ್ಟರು.

"ಇದು ಇವರಲ್ಲ," ಎಂದರು ಅತ್ತಿಗೆ. "ಯಾರೋ ಬಂದ್ರು. ಇವರು ಬರಲಿಲ್ಲ." ಎದ್ದು ಒಳಗೆ ಹೋಗಿ ನಲ್ಲಿ ತಿರುಗಿಸಿದರು. ಪಾತ್ರೆಯ ಸದ್ದು ಬರಲಿಲ್ಲ, ಬರೀ ನೀರಿನ ಸದ್ದು.

ಏನಾಗಿದೆ ಎಂದು ನನಗೆ ಆ ಕ್ಷಣವೇ ಹೊಳೆಯಿತು. ಎರಡು ವರ್ಷದ ಕೆಳಗೆ ಡಿಸ್ಕು ತುಂಬುತ್ತಾ ಬಂದಾಗ ಧ್ವನಿಗಳನ್ನು ಕುಗ್ಗಿಸುವ ಒಂದು ಪ್ರೋಗ್ರಾಮು ಹಾಕಿದ್ದೆ. ಅದರಲ್ಲಿ 'ಖಾಲಿ ಜಾಗ ತೆಗೆಯಬೇಕೇ?' ಎಂಬ ಪ್ರಶ್ನೆಯಿತ್ತು. ಸ್ಕ್ಯಾನ್ ಮಾಡುವಾಗ ಪುಸ್ತಕದ ಖಾಲಿ ಹಾಳೆಗಳನ್ನು ತೆಗೆದೆಸೆಯುವುದು ನನ್ನ ಕಸುಬಿನ ಚಾಳಿ. ಯೋಚನೆಯೇ ಇಲ್ಲದೆ ಹೌದೆಂದು ಒತ್ತಿದ್ದೆ. ಮಾತು ತಡೆದು ನಿಂತ ಹೊತ್ತೆಲ್ಲ ಅದಕ್ಕೆ ಖಾಲಿ ಜಾಗವೇ. ಮಾತು ಬೆಳ್ಳಿ, ಮೌನ ಬಂಗಾರ ಎನ್ನುತ್ತಾರೆ. ನಾನು ವಾರವಾರವೂ ಬೆಳ್ಳಿಯನ್ನು ಜೋಪಾನವಾಗಿ ಎತ್ತಿಟ್ಟು ಬಂಗಾರವನ್ನು ಕಸಕ್ಕೆ ಹಾಕಿದ್ದೆ. ಆ ಯಂತ್ರದ ಹೆಂಗಸಿಗೆ ಬಾಯಿಗೆ ಬಂದಂತೆ ಬೈದೆನಲ್ಲ, ನಾನು ಮಾಡಿದ್ದೇನು? ನಾನೂರು ಜನರ ಮಾತನ್ನು ನಾನೇ ಮುಗಿಸಿದ್ದೆ. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

ಅದನ್ನು ಅಣ್ಣನಿಗೆ ಹೇಳಲು ಹೋದರೆ 'ತಪ್ಪು' ಎಂಬ ಮಾತೇ ಬರಲಿಲ್ಲ. ಅಣ್ಣ ಹಲಗೆಯನ್ನು ಮಡಿಲಲ್ಲಿಟ್ಟು ಕಾದರು. ಗಡಿಯಾರ ನೋಡಲಿಲ್ಲ, ತಲೆಯಾಡಿಸಿ ಆತುರಪಡಿಸಲಿಲ್ಲ. ಕೊನೆಗೆ ಅದು ಬಂದಾಗ ಅಳುವೂ ಜೊತೆಗೆ ಬಂತು.

ಅವರು ಬರೆದರು: 'ಎಷ್ಟು ಹೊತ್ತು ಅಂತ ಬರೆದಿದ್ದೀನಲ್ಲ.'

ನಿಜ. ಬರಹ ಹಾಗೇ ಉಳಿದಿತ್ತು. ಮೂಗೊರೆಸಿಕೊಂಡು, ಆ ಮಾತಿನ ಮುಂದೆ ಹನ್ನೊಂದು ಸೆಕೆಂಡು ಖಾಲಿ ಜಾಗ ಸೇರಿಸಿ ಹಾಕಿದೆ. ಒಳಗೆ ನಲ್ಲಿ ನಿಂತಿತು. ಅತ್ತಿಗೆ ಬಾಗಿಲಿಗೆ ಬಂದು, ಪೂರ್ತಿ ಕೇಳಿ, ತಲೆಯಲ್ಲಾಡಿಸಿದರು.

"ಫೋನ್ ಕಟ್ ಆದ ಹಾಗಿದೆ. ಅವರು ಸುಮ್ಮನಿದ್ದಾಗ ಹೀಗೆ ಇರ್ತಿರಲಿಲ್ಲ. ಗಡಿಯಾರಗಳು ಕೇಳಿಸ್ತಿದ್ದವು. ಕುರ್ಚಿ ಕಿರ್ ಅಂತಿತ್ತು. ಅವರು ಅಲ್ಲಿ ಇದಾರೆ ಅಂತ ಗೊತ್ತಾಗ್ತಿತ್ತು." ಸೆರಗಿನಿಂದ ಮುಖ ಒತ್ತಿಕೊಂಡರು. "ಬಿಡಮ್ಮಾ, ನೀನೇನು ಬೇಕಂತ ಮಾಡಿದ್ಯಾ? ಹೋಗಲಿ ಬಿಡು." ಮತ್ತೆ ಒಳಗೆ ಹೋದರು. ಅವರು ಬೈದಿದ್ದರೆ ವಾಸಿಯಿತ್ತು.

ನಾನು ಲ್ಯಾಪ್‌ಟಾಪ್ ಮುಚ್ಚಲು ಕೈ ಚಾಚಿದೆ. ಅಣ್ಣ ನನ್ನ ಕೈ ಹಿಡಿದು ತಡೆದರು. ಹಲಗೆ ಒರೆಸಿ ದೊಡ್ಡದಾಗಿ ಬರೆದರು: 'ಮಾತು ಹೋಗಿದೆ. ಸುಮ್ಮನಿರೋದು ನನಗೆ ಈಗಲೂ ಬರುತ್ತೆ.'

ಅರ್ಥವಾಗಲು ನನಗೆ ಸ್ವಲ್ಪ ಹೊತ್ತು ಹಿಡಿಯಿತು. ಅಷ್ಟರಲ್ಲಿ ಅವರು ಲ್ಯಾಪ್‌ಟಾಪ್ ಎತ್ತಿಕೊಂಡು ಅಂಗಡಿಗೆ ನಡೆದಿದ್ದರು. ಗೋಡೆ ತುಂಬ ಗಡಿಯಾರಗಳು ತಮ್ಮ ಪಾಡಿಗೆ ತಾವು ಟಿಕ್ ಎನ್ನುತ್ತಿದ್ದವು. ನಿಂತಿದ್ದ ಒಂದೆರಡಕ್ಕೆ ಕೀಲಿ ಕೊಟ್ಟರು. ತಮ್ಮ ಹಳೇ ಕುರ್ಚಿಯಲ್ಲಿ ಕೂತು, ಬಟ್ಟೆ ಸರಿಪಡಿಸಿಕೊಂಡು, ಶುರುಮಾಡು ಎಂದು ಬೆರಳೆತ್ತಿದರು. ನಾನು ರೆಕಾರ್ಡ್ ಒತ್ತಿದೆ.

ಅಣ್ಣನ ಬಾಯಿ 'ಇ'ಯ ಆಕಾರಕ್ಕೆ ತೆರೆಯಿತು. ಹುಬ್ಬು ಗಂಟಿಕ್ಕಿತು, ಭುಜ ಮೇಲೆದ್ದಿತು, ಕುರ್ಚಿ ಕಿರುಗುಟ್ಟಿತು. ಮೊದಲು ಒಳಗೇ ನಿಲ್ಲುತ್ತಿದ್ದ ಉಸಿರು ಈಗ ಕತ್ತಿನ ಬಟ್ಟೆಯನ್ನು ಮೆಲ್ಲಗೆ ಅಲುಗಿಸುತ್ತಿತ್ತು. ಎರಡು, ಮೂರು, ನಾಲ್ಕು. ನಾಟಕವಾಡುತ್ತಿರಲಿಲ್ಲ ಅವರು, ನಿಜಕ್ಕೂ ಆ ಮಾತನ್ನು ಹೇಳಲು ಹೆಣಗುತ್ತಿದ್ದರು.

ಆರನೇ ಸೆಕೆಂಡಿಗೆ ಅತ್ತಿಗೆ ಹೊಸ್ತಿಲಿಗೆ ಬಂದರು. ಕುರ್ಚಿಯ ಸದ್ದಿಗೆ ಬಂದರೋ ಏನೋ, ಕೈ ಒದ್ದೆಯಿತ್ತು. ನಾವೇನು ಮಾಡುತ್ತಿದ್ದೇವೆಂದು ಅವರಿಗೆ ಗೊತ್ತಿರಲಿಲ್ಲ. ಗಂಡನ ಬಾಯಿ ತೆರೆದು ನಿಂತಿದ್ದನ್ನು ಕಂಡು ಅಲ್ಲೇ ನಿಂತುಬಿಟ್ಟರು, ಕೈಯಿಂದ ನೀರು ತೊಟ್ಟಿಕ್ಕುತ್ತಿದ್ದರೂ ಒರೆಸಿಕೊಳ್ಳದೆ. ಏಳು, ಎಂಟು, ಒಂಬತ್ತು, ಹತ್ತು.

ಹನ್ನೊಂದಕ್ಕೆ ಅಣ್ಣನ ಬೆರಳು ಇಳಿಯಿತು. ತುಟಿಗಳು ಆ ಮೂರು ಪದಗಳಿಗೂ ಅಲುಗಿ ಮುಚ್ಚಿಕೊಂಡವು. ಶಬ್ದವಿರಲಿಲ್ಲ.

"ಹ್ಞೂಂ, ಬನ್ನಿ," ಎಂದರು ಅತ್ತಿಗೆ.

ಆ ಸಂಜೆ ಹನ್ನೊಂದು ಸೆಕೆಂಡು ಮುಗಿಯುವ ಜಾಗದಲ್ಲಿ ಅಣ್ಣನ ಹಳೇ ಮಾತನ್ನು ಸೇರಿಸಿದೆ. ಅತ್ತಿಗೆಯ ದನಿಯೂ, ನೆಲಕ್ಕೆ ನೀರು ಬಿದ್ದ ಸದ್ದೂ ಅದರಲ್ಲಿ ಹಾಗೇ ಇವೆ. ಒಂದು ಚೂರೂ ಕತ್ತರಿಸಲಿಲ್ಲ.