ಗುಡುಗಿಗೆ ತೆಗೆದ ಪ್ಲಗ್

ಪುಂಜಾಲಕಟ್ಟೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟಿರುವ ಮಾಜಿದಾಳ ಎದುರು ನಿಂತು 'ಈ ಕಂಪ್ಯೂಟರ್ ಸತ್ತಿದೆ' ಎಂದು ಯಾರೂ ಹೇಳಬಾರದು. ಹೇಳಿದವರಿಗೆಲ್ಲ ಒಂದೇ ಉತ್ತರ: "ಅದನ್ನು ನಾನು ಹೇಳ್ಬೇಕು, ನೀವಲ್ಲ." ಅವಳ ಅಪ್ಪ ಅಬೂಬಕ್ಕರ್ ಇದೇ ಕೋಣೆಯಲ್ಲಿ ಮೂವತ್ತು ವರ್ಷ ರೇಡಿಯೋ ರಿಪೇರಿ ಮಾಡಿದವರು. ಬೆಸುಗೆ ಹಾಕುವ ಕೈಯನ್ನೂ ಈ ಗತ್ತನ್ನೂ ಮಗಳಿಗೆ ಒಟ್ಟಿಗೇ ಕೊಟ್ಟು ಹೋಗಿದ್ದರು.

ಮೇ ಕೊನೆಯಲ್ಲಿ, ಊರಿನ ಕೋಲ-ಜಾತ್ರೆಗಳೆಲ್ಲ ಮುಗಿಯುವ ಪತ್ತನಾಜೆ ಕಳೆದ ಮರುದಿನ ಮಧ್ಯಾಹ್ನ ಅಂಗಡಿಯ ಮುಂದೆ ಕೊಕ್ಕಡದ ಬಾಡಿಗೆ ಓಮ್ನಿಯೊಂದು ನಿಂತಿತು. ಇಳಿದವಳು ಹರಿಣಾಕ್ಷಿ. ಬೆಡ್‌ಶೀಟಿನಲ್ಲಿ ಸುತ್ತಿದ ಸಿಪಿಯು ಡಬ್ಬವನ್ನು ತಬ್ಬಿಕೊಂಡೇ ಬಂದಳು. ಹಿಂದೆ ಅವಳ ಅತ್ತೆ ಅಮ್ಮಣಿ. ಅಮ್ಮಣಿ ಬೆಂಚಿನ ತುದಿಯಲ್ಲಿ ಕೂತು, ಎರಡೂ ಕೈಗಳನ್ನು ಸೆರಗಿನೊಳಗೆ ಸೇರಿಸಿಕೊಂಡರು.

"ಬೆಳ್ತಂಗಡಿಯಲ್ಲಿ ತೋರಿಸಿ ಆಯ್ತು. ಮದರ್‌ಬೋರ್ಡ್ ಹೋಗಿದೆ, ಬಿಸಾಡಿ ಅಂದ್ರು," ಎಂದಳು ಹರಿಣಾಕ್ಷಿ. "ಬೇರೆ ಬೋರ್ಡ್ ಹಾಕಿದ್ರೆ ನನಗೆ ಆಗುದಿಲ್ಲ. ನನ್ನ ಎಂಬ್ರಾಯ್ಡರಿ ಮೆಷಿನಿನ ಸಾಫ್ಟ್‌ವೇರ್ ಈ ಬೋರ್ಡಿನ ನಂಬರ್ ಕಂಡ್ರೆ ಮಾತ್ರ ತೆರೆಯುದು. ಅದನ್ನು ಮಾರಿದ ಕಂಪೆನಿ ಮುಚ್ಚಿ ನಾಲ್ಕು ವರ್ಷ ಆಯ್ತು. ಸೋಮವಾರದ ಒಳಗೆ ಶಾಲೆಗೆ ನಾನೂರು ಬ್ಯಾಡ್ಜ್ ಕೊಡ್ಲಿಕ್ಕುಂಟು. ಇಲ್ಲದಿದ್ರೆ ಬರುವ ವರ್ಷದಿಂದ ನನ್ನನ್ನು ಕರೆಯುದೇ ಇಲ್ಲ. ಮೆಷಿನನ್ನು ಗುಜರಿಗೆ ಹಾಕುವುದೇ."

"ಏನಾಯ್ತು, ಸರಿಯಾಗಿ ಹೇಳಿ."

ಹರಿಣಾಕ್ಷಿ ಅತ್ತೆಯ ಕಡೆ ತಿರುಗಲಿಲ್ಲ. ಹೊಸ ಡಿಸ್ಕನ್ನು ಕಂಪ್ಯೂಟರ್ ಗುರುತಿಸುತ್ತಿಲ್ಲ ಎಂದು ಅವಳ ಚಿಕ್ಕಪ್ಪನ ಮಗ ಮನ್ವಿತ್ ಮೂರು ದಿನದ ಹಿಂದೆ ಮಧ್ಯಾಹ್ನ ಮೂರು ಗಂಟೆಗೆ ಬಯೋಸ್ ಅಪ್‌ಡೇಟಿಗೆ ಹಾಕಿ ಚಾ ಕುಡಿಯಲು ಅಡುಗೆಮನೆಗೆ ಹೋಗಿದ್ದನಂತೆ. ಬಯೋಸ್ ಎಂದರೆ ಸ್ವಿಚ್ ಒತ್ತಿದೊಡನೆ ಕಂಪ್ಯೂಟರನ್ನು ಎಬ್ಬಿಸುವ ಮೊದಲ ಪ್ರೋಗ್ರಾಂ. ಅದನ್ನು ಬದಲಿಸುತ್ತಿರುವಾಗ ಕರೆಂಟ್ ಹೋದರೆ ಎಬ್ಬಿಸುವವರೇ ಇಲ್ಲ. ಅವನು ಅಡುಗೆಮನೆಯಲ್ಲಿದ್ದಾಗ ಗುಡುಗಿತಂತೆ.

"ಗುಡುಗಿದರೆ ಪ್ಲಗ್ ತೆಗೆಯುದು," ಎಂದರು ಅಮ್ಮಣಿ, ನೆಲ ನೋಡುತ್ತ. "ಟಿವಿಯದ್ದು, ಫ್ರಿಜ್ಜಿನದ್ದು, ಮಿಕ್ಸಿಯದ್ದು. ಮದುವೆಯಾಗಿ ಬಂದಂದಿನಿಂದ ನಾನೇ ತೆಗೆಯುದು. ಇದರದ್ದೂ ತೆಗೆದೆ."

ಈ ಊರಿನಲ್ಲಿ ಯಾರು ತಾನೇ ತೆಗೆಯುವುದಿಲ್ಲ? ಮೊದಲ ಗುಡುಗಿಗೆ ಹಾಸಿಗೆ ಹಿಡಿದ ಮುದುಕರೂ ಎದ್ದು ಬಂದು ಪ್ಲಗ್ ಕೀಳುತ್ತಾರೆ. ಮಾಜಿದಾಳಿಗೆ ಸಿಟ್ಟು ಬಂದದ್ದು ನಿಜ, ಆದರೆ ಬಂದದ್ದು ಮನ್ವಿತನ ಮೇಲೆ. "ಮೇ ತಿಂಗಳಲ್ಲಿ, ಗುಡುಗು ಬರುವ ಮೂರು ಗಂಟೆಯ ಹೊತ್ತಿಗೆ ಬಯೋಸ್ ಅಪ್‌ಡೇಟಾ? ಅದೂ ಚಾ ಕುಡಿಯಲು ಹೋಗುದಾ? ಅವನ ತಲೆಯಲ್ಲಿ ಮಣ್ಣು ಉಂಟಾ ಮಾರಾಯ್ತಿ?" ಎಂದಳು.

"ಮೂರು ದಿನದಿಂದ ಇವರಿಗೆ ಹೇಳಿದ್ದೇನೆ, ಇನ್ನು ಯಾವ ಸ್ವಿಚ್ಚೂ ಮುಟ್ಬೇಡಿ ಅಂತ," ಎಂದಳು ಹರಿಣಾಕ್ಷಿ. ಅಮ್ಮಣಿಯ ಕೈಗಳು ಸೆರಗಿನೊಳಗೆ ಇನ್ನಷ್ಟು ಸರಿದವು. ಮಾಜಿದಾಳಿಗೆ ಅದನ್ನು ನೋಡಿ ಸಂಕಟವಾಯಿತು.

ಡಬ್ಬ ತೆರೆದಳು. ಬೋರ್ಡಿನ ತುಂಬ ಕಸೂತಿ ನೂಲಿನ ಜುಂಗು. ಅದನ್ನೆಲ್ಲ ಬ್ರಷ್ಷಿನಿಂದ ತೆಗೆದ ಮೇಲೆ ಮೂಲೆಯಲ್ಲಿ ತೊಗರಿಕಾಳಿನಷ್ಟು ದೊಡ್ಡ, ಎಂಟು ಕಾಲಿನ ಚಿಪ್ ಕಾಣಿಸಿತು. ಬಯೋಸ್ ಇರುವುದು ಅದರಲ್ಲಿ. ಬೋರ್ಡಿನ ನಂಬರ್ ಇರುವುದೂ ಅದರಲ್ಲೇ, ಒಂದು ಮೂಲೆಯಲ್ಲಿ.

"ಬೆಳ್ತಂಗಡಿಯವರು ಚಿಪ್ಪನ್ನು ಅಳಿಸಿಲ್ಲ ತಾನೆ?"

"ಮುಟ್ಟಲೇ ಇಲ್ಲ."

"ಹಾಗಾದ್ರೆ ಸರಿ. ಮನೆ ಬಿದ್ದದ್ದು ಹೌದು, ನಂಬರಿನ ಪೆಟ್ಟಿಗೆ ಒಳಗೇ ಉಂಟು. ತೆಗೆದು ಕೊಡ್ತೇನೆ."

ಅಳಿಸುವ ಮೊದಲು ಓದಬೇಕು, ಓದಿದ್ದನ್ನು ಮತ್ತೊಮ್ಮೆ ಓದಿ ಎರಡನ್ನೂ ಹೋಲಿಸಬೇಕು. ಇದು ಅವಳ ಪದ್ಧತಿ. ಇದನ್ನು ಬಿಟ್ಟು ಕೆಲಸ ಮಾಡುವವರನ್ನು ಅವಳು ಮೆಕ್ಯಾನಿಕ್ ಎಂದು ಕರೆಯುವುದೇ ಇಲ್ಲ. ಎಂಟು ಹಲ್ಲಿನ ಕ್ಲಿಪ್ಪನ್ನು ಚಿಪ್ಪಿಗೆ ಕಚ್ಚಿಸಿ, ಅದರ ತಂತಿಯನ್ನು ಚಿಪ್ಪನ್ನು ಓದಿ ಬರೆಯುವ, ಬೆಂಕಿಪೆಟ್ಟಿಗೆಯಷ್ಟು ದೊಡ್ಡ ಪ್ರೋಗ್ರಾಮರ್ ಎಂಬ ಸಾಧನಕ್ಕೂ, ಪ್ರೋಗ್ರಾಮರನ್ನು ತನ್ನ ಲ್ಯಾಪ್‌ಟಾಪಿಗೂ ಸೇರಿಸಿದಳು. ಮೊದಲ ಎರಡು ಓದು ತಾಳೆಯಾಗಲಿಲ್ಲ. ಚಿಪ್ಪಿನ ಕಾಲುಗಳನ್ನು ಸ್ಪಿರಿಟಿನಲ್ಲಿ ತೊಳೆದು, ಸಡಿಲವಾಗಿದ್ದ ಕ್ಲಿಪ್ಪನ್ನು ಕೈಯಿಂದ ಒತ್ತಿ ಹಿಡಿದಳು. ಈ ಸಲ ಎರಡೂ ಒಂದೇ. ಪ್ರೋಗ್ರಾಂ ಅರ್ಧಕ್ಕೆ ಹಾಳಾಗಿತ್ತು, ನಂಬರ್ ಮಾತ್ರ ಸುರಕ್ಷಿತವಾಗಿತ್ತು. ಬೋರ್ಡ್ ತಯಾರಕರ ಸೈಟಿನಿಂದ ಒಳ್ಳೆಯ ಬಯೋಸ್ ಇಳಿಸಿ, ಈ ನಂಬರನ್ನು ಅದರೊಳಗೆ ಕೂರಿಸಿದಳು.

ಮತ್ತೆ ಕ್ಲಿಪ್ ಒತ್ತಿ ಹಿಡಿದು ಬರೆಯಲು ಹಾಕಿದಳು. ಐದು ನಿಮಿಷದ ಕೆಲಸ. ಎರಡನೇ ನಿಮಿಷಕ್ಕೆ, ಬೆಳಗ್ಗಿನಿಂದ ಸುಮ್ಮನಿದ್ದ ಆಕಾಶ ಮೂಡಣದಲ್ಲಿ ಗುಡುಗಿತು.

ಅಮ್ಮಣಿ ತಟ್ಟನೆ ಎದ್ದರು. ಸೊಸೆಯ ಮುಖ ನೋಡಿ ಹಾಗೆಯೇ ಕೂತರು.

ಮಾಜಿದಾಳ ಲ್ಯಾಪ್‌ಟಾಪಿನ ಚಾರ್ಜರ್ ಗೋಡೆಯ ಪ್ಲಗ್ಗಿನಲ್ಲೇ ಇತ್ತು. ತೆಗೆದಿಡಬೇಕಿತ್ತು, ಮರೆತಿದ್ದಳು. ತಪ್ಪು ತನ್ನದೇ. ಸಿಡಿಲು ಆ ತಂತಿಯಲ್ಲಿ ಬಂದರೆ ಲ್ಯಾಪ್‌ಟಾಪ್, ಪ್ರೋಗ್ರಾಮರ್, ಚಿಪ್, ಬೋರ್ಡ್ ಎಲ್ಲ ಒಂದೇ ಸಾಲಿನಲ್ಲಿ ಸುಡುತ್ತವೆ. ನಂಬರಿನ ಪ್ರತಿ ಇದ್ದದ್ದೂ ಅದೇ ಲ್ಯಾಪ್‌ಟಾಪಿನಲ್ಲಿ. ಕ್ಲಿಪ್ ಬಿಟ್ಟು ಏಳುವ ಹಾಗಿರಲಿಲ್ಲ.

"ಅಮ್ಮಣಿಯಕ್ಕ, ಆ ಪ್ಲಗ್ ತೆಗೆಯಿರಿ."

ಅಮ್ಮಣಿ ಅಡ್ಡಡ್ಡ ತಲೆಯಾಡಿಸಿದರು. "ನಾನು ಮುಟ್ಟುದಿಲ್ಲ."

"ನಾನು ತೆಗೆಯುತ್ತೇನೆ," ಎಂದು ಹರಿಣಾಕ್ಷಿ ಎದ್ದಳು. ಆದರೆ ಅವಳಿದ್ದದ್ದು ಮೇಜಿನ ಈಚೆ, ಪ್ಲಗ್ ಇದ್ದದ್ದು ಬೆಂಚಿನ ಹಿಂದೆ.

"ನೀವು ಕೂತ್ಕೊಳ್ಳಿ," ಎಂದಳು ಮಾಜಿದಾ. "ಅಮ್ಮಣಿಯಕ್ಕ, ಇದರ ಒಳಗೆ ಬ್ಯಾಟರಿ ಉಂಟು. ಪ್ಲಗ್ ತೆಗೆದ್ರೂ ಕೆಲಸ ನಿಲ್ಲುದಿಲ್ಲ. ತೆಗೆಯದಿದ್ರೆ ಎಲ್ಲ ಹೋಗ್ತದೆ. ನಿಮ್ಮಷ್ಟು ಬೇಗ ಇಲ್ಲಿ ಯಾರಿಗೂ ಆಗುದಿಲ್ಲ. ತೆಗೆಯಿರಿ."

ಸೆರಗಿನಿಂದ ಕೈ ಹೊರಬಂತು. ಅಮ್ಮಣಿ ಹಿಂದೆ ತಿರುಗಿ ಸ್ವಿಚ್ ಆರಿಸಿ ಪ್ಲಗ್ ಕಿತ್ತರು. ಅಭ್ಯಾಸಬಲದಿಂದ ಪಕ್ಕದ ಎರಡನ್ನೂ ಕಿತ್ತರು. ಅವರು ಕೂರುವ ಮೊದಲೇ ಎದುರಿನ ತೆಂಗಿನ ಮರದ ಆಚೆ ಸಿಡಿಲು ಹೊಡೆಯಿತು. ಟ್ಯೂಬ್‌ಲೈಟ್ ಚಟ್ ಎಂದು ಆರಿತು, ಫ್ಯಾನ್ ನಿಂತಿತು. ಪಕ್ಕದ ಜೆರಾಕ್ಸ್ ಅಂಗಡಿಯ ಶಾಫಿ ತನ್ನ ಮೆಷಿನ್ ಹೋಯಿತೆಂದು ಬೊಬ್ಬೆ ಹಾಕುವುದು ಕೇಳಿಸಿತು.

ಕತ್ತಲಾದ ಕೋಣೆಯಲ್ಲಿ ಲ್ಯಾಪ್‌ಟಾಪ್ ಮಾತ್ರ ಬೆಳಗುತ್ತಿತ್ತು. ಅದರ ಮೇಲಿನ ಹಸಿರು ಪಟ್ಟಿ ನಿಲ್ಲದೆ ಮುಂದೆ ಹೋಗಿ ತುದಿ ಮುಟ್ಟಿತು. ಬರೆದದ್ದನ್ನು ಮಾಜಿದಾ ಮತ್ತೊಮ್ಮೆ ಓದಿ ಹೋಲಿಸಿ, ಆಮೇಲೆ ಕ್ಲಿಪ್ ಬಿಟ್ಟಳು. ಬೆರಳುಗಳು ಮರಗಟ್ಟಿದ್ದವು.

ಕರೆಂಟ್ ಬರುವಾಗ ನಾಲ್ಕೂವರೆ. ಸಿಪಿಯುವನ್ನು ಅಂಗಡಿಯ ಪರದೆಗೂ ಮೌಸಿಗೂ ಸೇರಿಸಿ ಸ್ವಿಚ್ ಒತ್ತಿದಾಗ ಒಮ್ಮೆ ಬೀಪ್ ಎಂದಿತು. ಪರದೆ ಬೆಳಗಿತು. ಎಂಬ್ರಾಯ್ಡರಿ ಸಾಫ್ಟ್‌ವೇರ್ ಒಂದು ಕ್ಷಣ ಯೋಚಿಸಿ, ನಂಬರ್ ಒಪ್ಪಿಕೊಂಡು, ಅರ್ಧ ಹೊಲಿದ ಶಾಲೆಯ ಬ್ಯಾಡ್ಜನ್ನು ತೆರೆದು ತೋರಿಸಿತು. ಹರಿಣಾಕ್ಷಿ ಕಣ್ಣೊರೆಸಿಕೊಂಡಳು.

"ಸತ್ತಿದೆ ಅಂದವರ ಫೋನ್ ನಂಬರ್ ಕೊಡಿ," ಎಂದಳು ಮಾಜಿದಾ. "ಒಂದು ಫೋಟೋ ಕಳಿಸ್ಬೇಕು."

ದೂರದಲ್ಲಿ ಮತ್ತೆ ಗುಡುಗು. ಹರಿಣಾಕ್ಷಿಯೇ ಅತ್ತೆಯ ಕೈ ಹಿಡಿದು ಮೌಸಿನ ಮೇಲೆ ಇಟ್ಟಳು. "ಮೊದಲು ಇಲ್ಲಿ ಒತ್ತುದು. ಈಗ ಇಲ್ಲಿ. ಪರದೆ ಪೂರ್ತಿ ಕಪ್ಪಾಗ್ಲಿ. ಫ್ಯಾನಿನ ಶಬ್ದ ನಿಲ್ಲಲಿ. ಮತ್ತೆ ಪ್ಲಗ್ ತೆಗೆಯುದು."

ಅಮ್ಮಣಿ ಒತ್ತಿದರು. ಪರದೆ ಕಪ್ಪಾಯಿತು. ಫ್ಯಾನಿನ ಶಬ್ದ ನಿಲ್ಲುವವರೆಗೂ ಡಬ್ಬಕ್ಕೆ ಕಿವಿಯಿಟ್ಟು ಕಾದರು. ಆಮೇಲೆ ಪ್ಲಗ್ ತೆಗೆದು, ವಯರನ್ನು ಮೊಣಕೈಗೆ ಸುತ್ತಿ ಸೊಸೆಯ ಕೈಗೆ ಕೊಟ್ಟರು.

"ಇನ್ನು ಚಾ ಕುಡಿಯಲು ಹೋಗುವ ಮೊದಲು ನನಗೆ ಹೇಳಿ ಹೋಗ್ಲಿಕ್ಕೆ ಹೇಳು ಆ ಮನ್ವಿತನಿಗೆ," ಎಂದರು.