ಕಡ ತಂದ ಕಂಠ

ಲಾಂಡ್ರಿಯ ಹಿಂದಿನ ಕೋಣೆಯಲ್ಲಿ, ನೇತುಹಾಕಿದ ಕೋಟುಗಳ ಕೆಳಗೆ, ಭಾನುವಾರ ಮಧ್ಯಾಹ್ನ ಬೈಬಲ್ ತರಗತಿ ನಡೆಯುತ್ತಿತ್ತು. ಅಲ್ಲಿ ಒಂದು ಕಟ್ಟಳೆ: ಯಾರು ಏನೇ ಕೇಳಲಿ, ಕುರ್ಚಿಯಲ್ಲಿ ಕೂತ ಬೋಧಕರು ಥಟ್ಟನೆ ಉತ್ತರಿಸಬೇಕು. ತೀರಿಹೋದ ಪಾಸ್ಟರು ಹಾಕಿಕೊಟ್ಟ ಪದ್ಧತಿ. ಅಂಗಿಯಂತೆ ಉತ್ತರಕ್ಕೂ ಇಸ್ತ್ರಿ ಆಗಿರಬೇಕು; ಗೆರೆ ಕಾಣಬೇಕು, ಸುಕ್ಕು ಕಾಣಬಾರದು.

ಆ ಕುರ್ಚಿ ಈಗ ಖಾಲಿ. ಲಾಂಡ್ರಿ ಮನೆಯ ಕಿರಿಸೊಸೆ ಅದರ ಮೇಲೆ ಕಣ್ಣಿಟ್ಟು ವರ್ಷಗಳೇ ಆಗಿದ್ದವು. ಅವಳಿಗೆ ಧರ್ಮಶಾಸ್ತ್ರದ ಪದವಿ ಇತ್ತು. ಪದವಿಗಿಂತ ದೊಡ್ಡ ಗಂಟಲಿತ್ತು. ಪಾಸ್ಟರು ಕೆಮ್ಮಿ, ಕನ್ನಡಕ ಏರಿಸಿ, "ನೋ...ಡಿ, ಪ್ರಿಯರೇ" ಎನ್ನುತ್ತಿದ್ದುದನ್ನು ತನ್ನ ದನಿಯಲ್ಲಿ ಹಾಗೇ ಇಳಿಸುತ್ತಿದ್ದಳು. ಮನೆಯಲ್ಲಿ ಅವಳ ಹೆಸರೇ ಟೇಪ್‌ರೆಕಾರ್ಡರ್. ಇವತ್ತು ಆ ಕುರ್ಚಿಯಲ್ಲೇ ಕೂರಿಸಿ ಅವಳಿಗೆ ಪರೀಕ್ಷೆ. ಪರೀಕ್ಷಕ ಸ್ವಂತ ಭಾವ: ಲಾಂಡ್ರಿಗೆ ಯಜಮಾನ, ಸಭೆಗೆ ಹಿರಿಯ.

ಮೊದಲ ಪ್ರಶ್ನೆಗಳು ನೀರು ಕುಡಿದಷ್ಟು ಸಲೀಸಾಗಿ ಹೋದವು. ಆಮೇಲೆ ಬಾಯ್ಲರ್ ನೋಡಿಕೊಳ್ಳುವವನು ಎದ್ದ. ಹೆಂಡತಿಯನ್ನು ಮಣ್ಣು ಮಾಡಿ ಬಂದು ತಿಂಗಳೂ ಆಗಿರಲಿಲ್ಲ.

"ಅಕ್ಕಾ, ಅವ್ಳು ಅಷ್ಟು ಪ್ರಾರ್ಥನೆ ಮಾಡ್ತಿದ್ಲು. ನಾನು ಕುಡ್ಕೊಂಡು ತಿರುಗ್ತಿದ್ದೋನು. ದೇವ್ರು ಅವ್ಳನ್ನ ಯಾಕೆ ಕರ್ಕೊಂಡ? ನನ್ನ ಯಾಕೆ ಬಿಟ್ಟ?"

ಅವಳು ಕೆಮ್ಮಿದಳು. "ನೋ...ಡಿ, ಪ್ರಿಯರೇ. ತೋಟಗಾರ ಮೊದಲು ಕೀಳುವುದು ಚೆಂದದ ಹೂವನ್ನೇ..."

"ಆಮೆನ್!" ಎಂದಿತು ಕೋಣೆ. ಭಾವ ಮುಗುಳ್ನಕ್ಕ. ಮುಕ್ಕಾಲು ಕುರ್ಚಿ ಅವಳದಾಗಿಹೋಗಿತ್ತು.

ಬಾಯ್ಲರಿನವನು ಮಾತ್ರ ಕೂರಲಿಲ್ಲ. "ಹಂಗಾದ್ರೆ ನಾನು ಕಳೆನಾ ಅಕ್ಕ?"

ಅವಳ ನಾಲಿಗೆಯ ತುದಿಯಲ್ಲಿ ಮುಂದಿನ ವಾಕ್ಯ ಸಿದ್ಧವಾಗಿತ್ತು, ಕೆಮ್ಮಿನ ಸಮೇತ. ನುಂಗಿಕೊಂಡಳು.

"ಅಲ್ಲಣ್ಣ," ಎಂದಳು. ಈ ಸಲ ದನಿ ಅವಳದೇ, ತುಸು ಕೀರಲು. "ಈಗ ಹೇಳಿದ್ದು ಪಾಸ್ಟರ್ದು. ಕೆಮ್ಮೂ ಅವರ್ದು, ಹೂವೂ ಅವರ್ದು. ನಂಗೆ ಗೊತ್ತಿಲ್ಲ."

ಉಗಿ ಪೈಪೊಂದು ಎಲ್ಲರ ಪರವಾಗಿ ಸುಸ್ಸೆಂದು ಉಸಿರು ಬಿಟ್ಟಿತು.

"ಏನಮ್ಮಾ ಇದು?" ಎಂದ ಭಾವ. "ಅಷ್ಟೆಲ್ಲ ಓದಿದ್ದು ಗೊತ್ತಿಲ್ಲ ಅನ್ನೋಕಾ? ಪಾಸ್ಟರ್ ಏನಂತಿದ್ರೋ ಅದನ್ನೇ ಪೂರ್ತಿ ಹೇಳು. ಕುರ್ಚಿ ನಿಂದೇ."

"ಹೇಳಲ್ಲ."

"ಅಹಂಕಾರ ನೋಡು!"

"ಗೊತ್ತಿಲ್ದೇ ಇರೋದನ್ನ ಗೊತ್ತು ಅನ್ನೋದು ಅಹಂಕಾರ, ಭಾವ. ಉತ್ತರ ಕೊಟ್ಟು ಕೊಟ್ಟು ನಾವು ಯೇಸುನ ಕೇಳೋದನ್ನೇ ಬಿಟ್ಬಿಟ್ಟಿದೀವಿ. ಆತ ತೋರಿಸ್ದೇ ಇರೋದನ್ನ ಆತನ ಹೆಸರಲ್ಲಿ ನಾನು ಹಂಚಲ್ಲ. ತಿಳಿಸಿದ್ರೆ ತಿಳ್ಕೋತೀನಿ. ಅಲ್ಲೀವರ್ಗೂ ಬಾಯ್ಮುಚ್ಕೊಂಡು ಕಾಯ್ತೀನಿ."

"ನೀನು? ಬಾಯ್ಮುಚ್ಕೊಂಡು?" ಎಂದರು ಹಿಂದಿನ ಬೆಂಚಿನಿಂದ ಅತ್ತೆ. ಯಾರೋ ಕಿಸಕ್ಕೆಂದರು.

"ಕಷ್ಟನೇ ಅತ್ತೆ. ಅದಕ್ಕೂ ಆತನೇ ಕೃಪೆ ಮಾಡ್ಬೇಕು."

ಭಾವನ ಮುಖ ಬಾಯ್ಲರಿಗಿಂತ ಕಾದಿತ್ತು. "ನಮಗೆ ಬೇಕಿರೋದು ಬೋಧಕಿ, ಬಾಧಕಿ ಅಲ್ಲ. ಏಳು ಅಲ್ಲಿಂದ!"

ಎದ್ದಳು. ಮೈ ಎದ್ದರೂ ಆಸೆ ಏಳಲೊಲ್ಲದೆ ಕುರ್ಚಿಗೇ ಅಂಟಿಕೊಂಡಿತ್ತು. ಅದನ್ನು ಅಲ್ಲೇ ಬಿಟ್ಟು ನಡೆದು, ಬಾಯ್ಲರಿನವನ ಹತ್ತಿರ ಬಂದು, ಒದ್ದೆ ಸಿಮೆಂಟಿನ ಮೇಲೆ ಮಂಡಿಯೂರಿದಳು.

"ಯೇಸುವೇ, ನಂಗೆ ಅರ್ಥ ಆಗ್ತಿಲ್ಲ. ಇವ್ರಿಗೂ ಆಗ್ತಿಲ್ಲ. ನೀನೇ ತಿಳಿಸು."

"ತರಗತಿ ಮುಗೀತು! ಏಳಿ, ಎಲ್ರೂ ಏಳಿ!" ಭಾವ ಚಪ್ಪಾಳೆ ತಟ್ಟಿದ.

ಬಾಯ್ಲರಿನವನು ಅವಳ ಪಕ್ಕದಲ್ಲಿ ಮಂಡಿಯೂರಿದ. "ಅಕ್ಕಾ, ಇನ್ನೊಂದ್ಸಲ ಹೇಳಿ. ನಂಗೂ ಹೇಳೋಕೆ ಬರ್ಬೇಕು."

ಅವಳು ಇನ್ನೊಮ್ಮೆ ಹೇಳಿದಳು, ಚಪ್ಪಾಳೆಗೂ ಮೀರಿ ಕೇಳುವ ಹಾಗೆ.